ಶನಿವಾರ ಮಾತ್ರ ಕುಡಿದರೆ ಓದಿಗೆ ತೊಂದರೆ ಆಗುತ್ತಾ?

ಇಂಜಿನಿಯರಿಂಗ್ ಎರಡನೇ ವರ್ಷ, ಶನಿವಾರ ರಾತ್ರಿ ಮಾತ್ರ ಫ್ರೆಂಡ್ಸ್ ಜೊತೆ ಒಂದು ಕ್ವಾರ್ಟರ್, ಇದರಿಂದ ಮಾರ್ಕ್ಸ್ ಕಡಿಮೆ ಆಗುತ್ತಾ ಅಂತ ಕೇಳಿದ್ದೀರಿ. ನನಗೆ ಆಯಿತು. ನಾನೂ ಶನಿವಾರ ಮಾತ್ರ ಕುಡಿಯುತ್ತಿದ್ದೆ.

ಒಂದು ಲೆಕ್ಕ ನೋಡಿ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್‌ನಲ್ಲಿ ಸಾಮಾನ್ಯವಾಗಿ 42.8% ಆಲ್ಕೋಹಾಲ್. ಕ್ವಾರ್ಟರ್ ಅಂದರೆ 180 ಎಂಎಲ್. ಹತ್ತಿರ ಹತ್ತಿರ 60 ಗ್ರಾಂ ಆಲ್ಕೋಹಾಲ್ ಒಳಗೆ ಹೋದಂತಾಯಿತು. ಲಿವರ್ ಗಂಟೆಗೆ ಸುಮಾರು 7-8 ಗ್ರಾಂ ಕರಗಿಸುತ್ತದೆ. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ ಏನು ಮಾಡಿದರೂ ಅದು ಜೋರಾಗುವುದಿಲ್ಲ. ಪೂರ್ತಿ ಇಳಿಯಲು ಸುಮಾರು ಎಂಟು ಗಂಟೆ ಬೇಕು. ಅಂದರೆ ಆ ರಾತ್ರಿಯ ನಿದ್ದೆ ಪೂರ್ತಿ ಅದರಲ್ಲೇ ಕಳೆಯುತ್ತದೆ.

ನಿದ್ದೆ ಬೇಗ ಹತ್ತುತ್ತದೆ, ನಿಜ. ಆದರೆ ಕನಸು ಬೀಳುವ ಹಂತದ ನಿದ್ದೆ ಕಡಿಮೆಯಾಗುತ್ತದೆ, ಬೆಳಗಿನ ಜಾವ ಪದೇ ಪದೇ ಎಚ್ಚರವಾಗುತ್ತದೆ. ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ ಅಲ್ವಾ?

ನನಗೆ ಇದು ಗೊತ್ತಾಗಿದ್ದು ಎಂ-3, ಅಂದರೆ ಮೂರನೇ ಸೆಮಿಸ್ಟರ್ ಗಣಿತದ ಇಂಟರ್ನಲ್ಸ್‌ನಲ್ಲಿ (ಕಾಲೇಜಿನಲ್ಲೇ ನಡೆಸುವ ಪರೀಕ್ಷೆ). ಶನಿವಾರ ಬೆಳಿಗ್ಗೆಯಿಂದ ಸಂಜೆವರೆಗೆ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಹಾಕಿಕೊಂಡು ಕೂತಿದ್ದೆ. ಅಷ್ಟು ಓದಿದ್ದೀನಲ್ಲ ಅಂತ ರಾತ್ರಿ ಕುಡಿದೆ. ಸೋಮವಾರ ಪ್ರಶ್ನೆಪತ್ರಿಕೆ ನೋಡಿದರೆ, ಸೂತ್ರ ಬರೆದಿದ್ದ ಪುಟ ಕಣ್ಣ ಮುಂದೆ ಬರುತ್ತಿದೆ. ಎಡಗಡೆ ಪುಟ, ಕೆಳಗೆ ಕೆಂಪು ಪೆನ್ನಿನ ಗೆರೆ. ಸೂತ್ರ ಮಾತ್ರ ಬರುತ್ತಿಲ್ಲ. ಆ ಗೆರೆ ಇವತ್ತಿಗೂ ನೆನಪಿದೆ.

ಜಾಸ್ತಿ ಹೊಡೆತ ಬಿದ್ದಿದ್ದು ಭಾನುವಾರಗಳಿಗೆ. ಏಳುವುದು ಹನ್ನೊಂದಕ್ಕೆ, ತಲೆಭಾರ, ಮೆಸ್ ತಿಂಡಿ ಮುಗಿದಿರುತ್ತದೆ. ಮಧ್ಯಾಹ್ನ ಮತ್ತೆ ನಿದ್ದೆ. ರಾತ್ರಿ ನಿದ್ದೆ ಬರುವುದಿಲ್ಲ. ಸೋಮವಾರದ ಮೊದಲ ಅವರ್ ಹೋಯಿತು. ನಮ್ಮ ಯೂನಿವರ್ಸಿಟಿ ವಿಟಿಯು ಕೇಳುವುದು 85% ಅಟೆಂಡೆನ್ಸ್. ಪ್ರತಿ ವಾರ ಅದೇ ಸಬ್ಜೆಕ್ಟಿನ ಕ್ಲಾಸ್ ತಪ್ಪಿದರೆ ಎಷ್ಟು ಬೇಗ ಕೆಳಗೆ ಬರುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಕುಡಿದೂ ಒಳ್ಳೆ ಮಾರ್ಕ್ಸ್ ತೆಗೆಯುವವರು ಇದ್ದಾರೆ, ನನ್ನ ರೂಮಿನಲ್ಲೇ ಒಬ್ಬನಿದ್ದ. ಅವನನ್ನು ನೋಡಿಯೇ ನಾನು ಧೈರ್ಯ ತಂದುಕೊಂಡಿದ್ದು. ಆದರೆ ನನಗೆ ಎಂ-3 ಬ್ಯಾಕ್ ಬಂತು, ಅಂದರೆ ಫೇಲ್. ಬೇಜಾರಿಗೆ ಬುಧವಾರವೂ ಶುರುವಾಯಿತು. ದಯವಿಟ್ಟು ಅಲ್ಲಿಯವರೆಗೆ ಬಿಟ್ಟುಕೊಳ್ಳಬೇಡಿ.

ಎರಡು ಶನಿವಾರ ಬಿಟ್ಟು ನೋಡಿ. ಭಾನುವಾರ ಎಷ್ಟು ಗಂಟೆ ಓದಿದಿರಿ ಅಂತ ಬರೆದಿಡಿ. ಬಿಡಲು ಆಗದೆ, ಶುಕ್ರವಾರವೇ ಮನಸ್ಸು ಅತ್ತ ಎಳೆಯುತ್ತಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎಂ-3ಯಲ್ಲಿ ಎಲ್ಲಾದರೂ ಸಿಕ್ಕಿಕೊಂಡಿದ್ದರೆ ನನ್ನನ್ನೇ ಕೇಳಿ. ಆ ಲಾಪ್ಲಾಸ್ ಈಗ ಚೆನ್ನಾಗಿ ಬರುತ್ತದೆ, ಹೇಳಿಕೊಡುತ್ತೇನೆ.