ನಾಯಿ ಜೊತೆ ಊರಾಚೆ ಸುತ್ತಾಟ: ಕುಂಟು, ಉಣ್ಣೆ, ಬಿಸಿಲು

ಇಪ್ಪತ್ತು ಕೆ.ಜಿ. ತೂಕದ, ಎರಡು ವರ್ಷದ ನಾಯಿ. ರಜಾ ದಿನ ಹೊಲದ ಕಡೆ ಕರೆದುಕೊಂಡು ಹೋದರೆ ಕುಂಟುತ್ತಾ ವಾಪಸ್ ಬರುತ್ತೆ, ಮೈಮೇಲೆ ರಕ್ತ ಹೀರೋ ಉಣ್ಣೆ ಹುಳ ಬೇರೆ, ಹತ್ತು ಕಿಲೋಮೀಟರ್ ನಡೆಸೋದು ಜಾಸ್ತಿಯಾಯ್ತಾ ಅಂತ ಕೇಳಿದ್ದೀರಿ. ವಾರವಿಡೀ ಮನೆ ಮುಂದೆ ಇಪ್ಪತ್ತು ನಿಮಿಷ ತಿರುಗೋ ನಾಯಿಗೆ ಒಂದೇ ಸಲ ಹತ್ತು ಕಿಲೋಮೀಟರ್ ಜಾಸ್ತಿಯೇ. ಅಂಗಾಲು ಗಟ್ಟಿಯಾಗೋಕೆ ಕೆಲವು ವಾರ ಬೇಕು. ಮೂರು ಕಿಲೋಮೀಟರಿಂದ ಶುರುಮಾಡಿ, ನಿಧಾನಕ್ಕೆ ಏರಿಸಿ. ಇಷ್ಟಕ್ಕೂ ನಾಯಿಗೆ ದೂರದ ಲೆಕ್ಕ ಇಲ್ಲ, ಅದಕ್ಕೆ ಬೇಕಿರೋದು ಮೂಸೋಕೆ ಸಮಯ. ಒಂದು ಬೇಲಿ ಬುಡ ಐದು ನಿಮಿಷ ಮೂಸಿದರೆ ಮೂಸಲಿ, ಎಳೀಬೇಡಿ. ನೀವೂ ಅಷ್ಟು ಹೊತ್ತು ಮರದ ಕೆಳಗೆ ಸುಮ್ಮನೆ ನಿಲ್ಲಬಹುದು.

ಹೊರಡೋದು ಬೆಳಗಾಗುತ್ತಲೇ. ಟಾರು ರಸ್ತೆ ದಾಟೋದಿದ್ದರೆ ಅಂಗೈ ಹಿಂಭಾಗ ಏಳು ಸೆಕೆಂಡ್ ನೆಲಕ್ಕಿಡಿ. ನಿಮಗೆ ತಡೆಯೋಕೆ ಆಗದಿದ್ದರೆ ಅದಕ್ಕೂ ಆಗಲ್ಲ. ಎರಡು ಗಂಟೆ ಸುತ್ತಾಟಕ್ಕೆ ಆ ತೂಕದ ನಾಯಿಗೆ ಒಂದು ಲೀಟರ್ ನೀರು ಒಯ್ಯಿರಿ, ಇಪ್ಪತ್ತು ನಿಮಿಷಕ್ಕೊಮ್ಮೆ ಸ್ವಲ್ಪಸ್ವಲ್ಪ ಕುಡಿಸಿ. ನಿಂತ ನೀರು ಕುಡಿಯೋಕೆ ಬಿಡಬೇಡಿ, ಇಲಿ ಮೂತ್ರ ಸೇರಿದ್ದರೆ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಬರಬಹುದು. ರೇಬೀಸ್ ಜೊತೆ ಅದರ ಲಸಿಕೆಯೂ ಆಗಿದೆಯಾ ನೋಡಿಕೊಳ್ಳಿ. ಹೊರಡೋ ಎರಡು ಗಂಟೆ ಮುಂಚೆಯಿಂದ ಹೊಟ್ಟೆ ತುಂಬಾ ಊಟ ಬೇಡ.

ಹಗ್ಗ ಹತ್ತು ಮೀಟರ್ ಉದ್ದ ಇರಲಿ, ಆದರೆ ಎದೆಗೆ ಸುತ್ತಿ ಹಾಕೋ ಹಾರ್ನೆಸ್‌ಗೇ ಕಟ್ಟಿ. ಕೊರಳಪಟ್ಟಿಗೆ ಕಟ್ಟಿದರೆ ಓಡಿ ಹಗ್ಗ ಮುಗಿದಾಗ ಪೂರ್ತಿ ಜಗ್ಗು ಕತ್ತಿನ ಮೇಲೆ ಬೀಳುತ್ತೆ. ದನ, ಕುರಿ ಕಂಡರೆ ಹಗ್ಗ ಗಿಡ್ಡ ಮಾಡಿ, ಸುತ್ತು ಹಾಕಿಕೊಂಡು ಹೋಗಿ. ಕರು ಇರೋ ಹಸು ನಾಯಿ ಕಂಡರೆ ಹಾಯುತ್ತೆ. ಹಾಗೆ ಮೇಲೆ ಬಂದರೆ ಹಗ್ಗ ಬಿಟ್ಟುಬಿಡಿ, ನಾಯಿ ಓಡಿ ತಪ್ಪಿಸಿಕೊಳ್ಳುತ್ತೆ, ಹಿಡಿದುಕೊಂಡ ನೀವು ಸಿಕ್ಕಿಬೀಳ್ತೀರಿ. ಔಷಧಿ ಹೊಡೆದ ವಾಸನೆ ಬರೋ ಹೊಲಕ್ಕೆ ಇಳಿಯೋದೇ ಬೇಡ.

ಈಗ ಕುಂಟಿನ ವಿಚಾರ. ಅಂಗಾಲು ಸವೆದಿರಬಹುದು, ಆದರೆ ಒಣ ಹುಲ್ಲಿನ ಕಾಲದಲ್ಲಿ ನನ್ನ ಮೊದಲ ಅನುಮಾನ ಚುಚ್ಚುವ ಹುಲ್ಲುಬೀಜದ ಮೇಲೆ. ಅದರ ಹಿಮ್ಮುಖ ರೋಮಗಳು ಮೀನಿನ ಗಾಳದ ಹಾಗೆ, ಒಳಗೆ ಹೋಗೋಕಷ್ಟೇ ದಾರಿ. ಬೆರಳುಗಳನ್ನು ಒಂದೊಂದಾಗಿ ಅಗಲಿಸಿ, ನಡುವಿನ ಕೂದಲು ಸರಿಸಿ ನೋಡಿ. ಹೊರಗೆ ಕಂಡರೆ ಚಿಮಟದಲ್ಲಿ ಎಳೆಯಿರಿ. ಕೆಂಪಗೆ ಗುಳ್ಳೆ ಎದ್ದು, ನಾಯಿ ಅಲ್ಲೇ ನೆಕ್ಕುತ್ತಿದ್ದರೆ ಒಳಸೇರಿದೆ ಅಂತ ಲೆಕ್ಕ. ಕೆದಕಬೇಡಿ, ಡಾಕ್ಟರ್ ತೆಗೀಲಿ. ಒಂದೇ ಕಡೆ ತಲೆ ವಾಲಿಸಿ ಕೊಡವಿದರೆ ಕಿವಿಯಲ್ಲಿ, ಇದ್ದಕ್ಕಿದ್ದಂತೆ ಒಂದೇ ಸಮ ಸೀನಿದರೆ ಮೂಗಿನಲ್ಲಿ ಹೊಕ್ಕಿರಬಹುದು.

ನಾಯಿಯನ್ನು ಮನೆ ಒಳಗೆ ಬಿಡೋ ಮುಂಚೆ ಉಣ್ಣೆ ಹುಡುಕೋಕೆ ಹದಿನೈದು ನಿಮಿಷ ಮೀಸಲಿಡಿ. ಕಿವಿಯ ಒಳಮಡಿಕೆ, ಕೊರಳಪಟ್ಟಿ ಕೆಳಗೆ, ಕಂಕುಳು, ತೊಡೆಸಂದಿ, ಬೆರಳ ಸಂದಿ, ಬಾಲದ ಬುಡ ನೋಡಿ. ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತೆ. ಚಿಮಟದಲ್ಲಿ ಚರ್ಮಕ್ಕೆ ಅಂಟಿದಂತೆ ಹಿಡಿದು, ತಿರುಚದೆ ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಖಂಡಿತ ಬೇಡ. ಉಗುರಲ್ಲಿ ಹೊಸಕಲೂ ಬೇಡ, ಸೋಪಿನ ನೀರಿನ ಡಬ್ಬಿಗೆ ಹಾಕಿ ಮುಚ್ಚಿ. ಉಣ್ಣೆ ಸಾಯಿಸೋ ಮಾತ್ರೆ ಕೊಟ್ಟಿದ್ದರೂ ಮೈಮೇಲೆ ಉಣ್ಣೆ ಕಾಣುತ್ತೆ ಅಂತ ಹಲವರು ದೂರುತ್ತಾರೆ. ಮಾತ್ರೆಯ ಔಷಧಿ ರಕ್ತದಲ್ಲಿರುತ್ತೆ, ಉಣ್ಣೆ ಕಚ್ಚಿದ ಮೇಲೇ ಸಾಯೋದು. ಬೆನ್ನಿಗೆ ಹಾಕೋ ಹನಿ ಔಷಧಿ ಆದರೆ, ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇರೋದು ತರಬೇಡಿ, ಬೆಕ್ಕಿಗೆ ವಿಷ.

ಬಿಸಿಲು ಏರಿದಾಗ ನಾಲಿಗೆ ಅಗಲವಾಗಿ ಜೋತುಬಿದ್ದು, ಜೊಲ್ಲು ಅಂಟಂಟಾಗಿ, ಒಸಡು ಕಡುಕೆಂಪಾಗಿ, ಕಾಲು ತೂರಾಡಿದರೆ ಅದು ಬಿಸಿಲಿನ ಹೊಡೆತ. ತಕ್ಷಣ ನೆರಳಿಗೆ ತನ್ನಿ, ಮೈಪೂರ್ತಿ ನೀರು ಸುರೀತಾ ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಶಾಖ ಒಳಗೇ ಉಳಿಯುತ್ತೆ. ಸುಧಾರಿಸಿದಂತೆ ಕಂಡರೂ ಡಾಕ್ಟರಿಗೆ ತೋರಿಸಿ. ಪಗ್‌ನಂಥ ಮೋಟು ಮೂಗಿನವಕ್ಕೆ ಇದು ಬಹಳ ಬೇಗ ಬರುತ್ತೆ.

ಕುಂಟು ಮರುದಿನವೂ ಉಳಿದರೆ ತೋರಿಸಿ. ಸುತ್ತಾಡಿ ಬಂದ ಮೂರು ವಾರದೊಳಗೆ ಊಟ ಬಿಟ್ಟು, ಮಂಕಾಗಿ, ಜ್ವರ ಬಂದರೆ, ಒಸಡು ಬಿಳಿಚಿಕೊಂಡರೆ ಉಣ್ಣೆ ಕಚ್ಚಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ, ರಕ್ತಪರೀಕ್ಷೆ ಮಾಡಿಸಿ.