ಚೀಟಿಯೊಳಗ 4 ಲೀಟರ್ ಅಂತ ಬರದಾನಲ್ಲ, ಅದನ್ನ ಜೋಪಾನ ಇಟ್ಕೋರಿ

ಪ್ರಶ್ನೆ: ಸರ್ ನಮಸ್ಕಾರ್ರಿ. ನಂದು ಗದಗ, ಬೆಟಗೇರಿಯೊಳಗ ಸಣ್ಣ ಪ್ರಿಂಟಿಂಗ್ ಪ್ರೆಸ್ ಐತಿ. ಹುಚ್ಚಿಗೆ ಬಿದ್ದು ಹ್ವಾದ ವರ್ಷ ಬೆಂಗಳೂರಿಂದ 2015ರ ಆಡಿ ಟಿಟಿ ಸೆಕೆಂಡ್ ಹ್ಯಾಂಡ್ ತಂದೆ, ಮನ್ಯಾಗ ಇನ್ನೂ ಬೈಸ್ಕೊಳ್ಳಾಕತ್ತೀನಿ ಅದು ಬ್ಯಾರೆ ಮಾತು. ನಾಕ ತಿಂಗಳ ಹಿಂದ ಗೇರ್ ಬದಲಿ ಆಗೂವಾಗ ಜರ್ಕ್ ಹೊಡ್ಯಾಕ ಶುರು ಆತು, ಹುಬ್ಬಳ್ಳಿಯೊಳಗ ಒಬ್ರು ಗ್ಯಾರೇಜ್‌ನವರು ಕ್ಲಚ್ ಹೋಗೇತಿ ಅಂದ್ರು. ಕ್ಲಚ್ ಪ್ಯಾಕ್ ಹಾಕಿ, ಆಯಿಲ್ ಬದಲಿ ಮಾಡಿ 1 ಲಕ್ಷ 85 ಸಾವಿರ ಹೇಳಿದ್ರು, ನಾನು 1 ಲಕ್ಷ 60 ಸಾವಿರ ಫೋನ್‌ಪೇ ಮಾಡೇನಿ, 25 ಸಾವಿರ ಬಾಕಿ. ಬಿಲ್ ಅಂತ ಏನೂ ಕೊಟ್ಟಿಲ್ಲ, ಒಂದು ಪ್ಯಾಡ್ ಹಾಳಿಮ್ಯಾಲೆ "ಕ್ಲಚ್ ಸೆಟ್, ಗೇರ್ ಆಯಿಲ್ 4 ಲೀ, ಲೇಬರ್" ಅಂತ ಬರದು ಕೊಟ್ಟಾರ. ಗಾಡಿ ತಗೊಂಡು ಬರೂವಾಗ ಅಣ್ಣಿಗೇರಿಯೊಳಗ ಮಿರ್ಚಿ ತಿನ್ನಾಕ ನಿಂತು ಮತ್ತ ಚಾಲೂ ಮಾಡಿದ್ರ ಗೇರ್ ಲೈಟ್ ಪಕಪಕ ಅನ್ನಾಕ ಹತ್ತಿತು, 1ರಿಂದ ಸೀದಾ 3ಕ್ಕ ಹಾರತೈತಿ, 2 ಇಲ್ಲ, 4 ಇಲ್ಲ, ರಿವರ್ಸ್ ಏನೋ ಬೀಳತೈತಿ. ಕಾಕಾನ ಮಗನ ಬೊಲೆರೋಕ್ಕ ಹಗ್ಗ ಕಟ್ಟಿ ಮನಿಗೆ ಎಳಕೊಂಡು ಬಂದ್ವಿ. ಈಗ ಫೋನ್ ಮಾಡಿದ್ರ "ಮೆಕಟ್ರಾನಿಕ್ ಹೋಗೇತಿ, ನಾ ಮಾಡಿದ್ದಲ್ಲ ಅದು, ಬಾಕಿ ಕೊಟ್ಟು ಗಾಡಿ ತಂದು ಬಿಡ್ರಿ, ಇನ್ನ ಎರಡ ಲಕ್ಷದಾಗ ಮಾಡಿ ಕೊಡ್ತೀನಿ" ಅಂತಾರ. ಏನ್ ಮಾಡ್ಲಿ? — ಗದಗದ ಓದುಗ

ಉತ್ತರ: ಮೊದಲ ಒಂದು ಮಾತು, ಬೇಜಾರ ಮಾಡ್ಕೋಬ್ಯಾಡ್ರಿ. ಊರ ಮಂದಿಗೆಲ್ಲಾ ಬಿಲ್ ಬುಕ್ ಛಾಪಿಸಿ ಕೊಡೋರು ನೀವು, ಒಂದೂವರಿ ಲಕ್ಷದ ಮ್ಯಾಲೆ ಕೊಡೂವಾಗ ಬಿಲ್ ಕೇಳಬೇಕು ಅನ್ನಿಸಲಿಲ್ಲೇನ್ರಿ? ಹೋಗ್ಲಿ. ಆ ಪ್ಯಾಡ್ ಹಾಳಿ ಐತೆಲ್ಲ, ಅದನ್ನ ಲ್ಯಾಮಿನೇಶನ್ ಮಾಡಿಸಿದ್ರೂ ಅಡ್ಡಿ ಇಲ್ಲ, ಅಷ್ಟು ಕಿಮ್ಮತ್ತಿನ ಕಾಗದ ಅದು, ಯಾಕಂತ ಹೇಳ್ತೀನಿ.

ನಿಮ್ಮ ಗಾಡಿಯೊಳಗ ಇರೋದು 6 ಗೇರಿನ ಎಸ್ ಟ್ರಾನಿಕ್, ಅಂದ್ರ ತಾನ ಗೇರ್ ಬದಲಿ ಮಾಡೋ ಜೋಡಿ ಕ್ಲಚ್ಚಿನ ಗೇರ್‌ಬಾಕ್ಸ್, ಡಿಎಸ್‌ಜಿ ಅಂತಾರಲ್ಲ ಅದ, ಹೆಸರು ಅಷ್ಟ ಬ್ಯಾರೆ. ಇದರಾಗ ಕ್ಲಚ್ ಒಂದಲ್ಲ, ಎರಡು ಅದಾವ, ಎರಡೂ ಆಯಿಲ್‌ನ್ಯಾಗ ಮುಳುಗಿರ್ತಾವ. ಒಂದು ಕ್ಲಚ್ 1, 3, 5 ಮತ್ತ ರಿವರ್ಸ್ ನಡಸ್ತೈತಿ, ಇನ್ನೊಂದು 2, 4, 6. ನೀವು ಬರದಿರೋ ಲಕ್ಷಣ ನೋಡಿದ್ರ ಬೆಸ ಗೇರ್ ಎಲ್ಲಾ ಬರಾಕತ್ತಾವ, ಸರಿ ಗೇರ್ ಅಷ್ಟ ಇಲ್ಲ. ಅಂದ್ರ ಇಡೀ ಗೇರ್‌ಬಾಕ್ಸ್ ಸತ್ತಿಲ್ಲ, ಒಂದು ಮಗ್ಗಲು ಮಲಗೇತಿ. ಇದಕ್ಕ ಮೆಕಟ್ರಾನಿಕ್, ಅಂದ್ರ ಗೇರ್, ಕ್ಲಚ್ ನಡಸೋ ಕಂಪ್ಯೂಟರ್ ಮತ್ತ ವಾಲ್ವ್ ಕೂಡಿದ ಭಾಗ, ಕಾರಣ ಇರಬಹುದು, ಇಲ್ಲ ಅನ್ನಂಗಿಲ್ಲ, ಅದರಾಗಿನ ಒಂದು ವಾಲ್ವ್ ಅಂಟಿಕೊಂಡ್ರೂ ಹಿಂಗ ಆಗತೈತಿ. ಆದ್ರ ಹೊಸಾ ಕ್ಲಚ್ ಹಾಕಿದ ದಿನಾನ, ಗ್ಯಾರೇಜಿನಿಂದ ಅಣ್ಣಿಗೇರಿ ಮುಟ್ಟೂದ್ರೊಳಗ ಹಿಂಗ ಆತು ಅಂದ್ರ, ನಾನು ಮೊದಲ ಅನುಮಾನ ಪಡೂದು ಬಿಚ್ಚಿ ಜೋಡಿಸಿದ ಕೆಲಸದ ಮ್ಯಾಲೆ.

ಈಗ 4 ಲೀಟರ್‌ಗೆ ಬರೋಣ. ಈ ಗೇರ್‌ಬಾಕ್ಸಿಗೆ ಒಟ್ಟು 7 ಲೀಟರ್ ಚಿಲ್ಲರೆ ಆಯಿಲ್ ಹಿಡಿತೈತಿ, ಬರೇ ಇಳಿಸಿ ಬದಲಿ ಮಾಡಿದ್ರೂ 5 ಲೀಟರಿನ ಮ್ಯಾಲೆ ಹೋಗತೈತಿ. ಕ್ಲಚ್ ಬಿಚ್ಚಿ ಹಾಕ್ದವ 4 ಲೀಟರ್ ಹಾಕೇನಿ ಅಂತ ತನ್ನ ಕೈಲೇನ ಬರದು ಕೊಟ್ಟಾನ! ಲೆವೆಲ್ ನೋಡೋ ಪದ್ಧತಿನೂ ಸಾದಾ ಗಾಡಿ ಹಂಗಲ್ಲ, ಎಂಜಿನ್ ಚಾಲೂ ಇಟ್ಟು, ಸ್ಕ್ಯಾನರ್‌ನ್ಯಾಗ ಆಯಿಲ್ ಟೆಂಪರೇಚರ್ 35ರಿಂದ 45 ಡಿಗ್ರಿ ನಡುವ ಇದ್ದಾಗ ಕೆಳಗಿನ ಬೋಲ್ಟ್ ಬಿಚ್ಚಿ, ಹೆಚ್ಚಿನ ಆಯಿಲ್ ಹನಿ ಹನಿ ಬಿದ್ದು ನಿಲ್ಲೂತನಕ ನೋಡಬೇಕು. ಅಂದಾಜಲೆ ಸುರುವಿದ್ರ ಕಡಿಮಿ ಬೀಳತೈತಿ, ಕಡಿಮಿ ಆದ್ರ ಪ್ರೆಷರ್ ಸಾಲೂದಿಲ್ಲ, ಪ್ರೆಷರ್ ಸಾಲಲಿಲ್ಲ ಅಂದ್ರ ಕ್ಲಚ್ ಜಾರತೈತಿ, ಜಾರಿದ್ರ ಸುಡತೈತಿ. ಚೀಟಿಯೊಳಗ "ಗೇರ್ ಆಯಿಲ್" ಅಂತ ಅಷ್ಟ ಐತಿ, ಡಿಎಸ್‌ಜಿ ಆಯಿಲ್ ಹಾಕ್ಯಾರೋ ಡ್ರಮ್ಮಿನಾಗಿನ ಸಾದಾ ಆಯಿಲ್ ಸುರುವ್ಯಾರೋ ಆ ದೇವರಿಗೇ ಗೊತ್ತು. ಫಿಲ್ಟರ್ ಹೆಸರ ಇಲ್ಲ ಅದರಾಗ. 60,000 ಕಿಲೋಮೀಟರಿಗೆ ಒಮ್ಮೆ ಆಯಿಲ್ ಜೋಡಿ ಫಿಲ್ಟರೂ ಬದಲಿ ಮಾಡೋ ಗೇರ್‌ಬಾಕ್ಸ್ ಇದು.

ಇನ್ನೂ ಎರಡು ಕೆಲಸ ಅದಾವ, ನಮ್ಮ ಕಡೆ ಭಾಳ ಮಂದಿ ಬಿಟ್ಟಬಿಡ್ತಾರ. ಹೊಸಾ ಕ್ಲಚ್ ಕೂಡಿಸಿದ ಮ್ಯಾಲೆ ಡಯಲ್ ಗೇಜ್ ಹಚ್ಚಿ ಗ್ಯಾಪ್ ಅಳದು, ಅದಕ್ಕ ತಕ್ಕ ದಪ್ಪದ ಲಾಕ್ ರಿಂಗ್ ಹಾಕಬೇಕು, ಹಳೇದನ್ನ ಹಂಗ ತುರುಕೂದಲ್ಲ. ಆಮ್ಯಾಲೆ ಸ್ಕ್ಯಾನರ್ ಹಚ್ಚಿ ಬೇಸಿಕ್ ಸೆಟ್ಟಿಂಗ್ ಮಾಡಬೇಕು, ಇಲ್ಲಾಂದ್ರ ಕಂಪ್ಯೂಟರಿಗೆ ಹೊಸಾ ಕ್ಲಚ್ ಎಲ್ಲಿ ಹಿಡಿತೈತಿ ಅನ್ನೂದ ಗೊತ್ತಿರಂಗಿಲ್ಲ, ಹಳೇ ಲೆಕ್ಕದಾಗ ಒತ್ತತೈತಿ. ಇವೆಲ್ಲಾ ಮಾಡೀರೇನು ಅಂತ ವಾಟ್ಸಾಪ್‌ನ್ಯಾಗ ಕೇಳ್ರಿ, ಫೋನ್‌ನ್ಯಾಗ ಅಲ್ಲ. ಅವರು ಏನ್ ಬರದ್ರೂ ನಿಮಗ ಉಪಯೋಗ, ಬರೀಲಿಲ್ಲ ಅಂದ್ರೂ ಉಪಯೋಗ.

ಹಂಗಂತ ಅವರನ್ನ ಕಳ್ಳರು ಅನ್ನಾಕ ನಾ ತಯಾರಿಲ್ಲ. ಮೂವತ್ತ ವರ್ಷ ಲಾರಿ, ಅಂಬಾಸಿಡರ್ ಗೇರ್‌ಬಾಕ್ಸ್ ಕಣ್ಣು ಮುಚ್ಚಿ ಕೂಡಿಸಿದ ಕೈಗೆ, ಇದೂ ಒಂದು ಗೇರ್‌ಬಾಕ್ಸ್ ಅಲ್ಲೇನು ಅನ್ನೋ ಧೈರ್ಯ ಇರತೈತಿ. ಆ ಧೈರ್ಯಕ್ಕ ರೊಕ್ಕ ನಿಮ್ಮದು ಹೋತು ನೋಡ್ರಿ.

ಈಗ ಮಾಡೂದು ಏನಂದ್ರ, ಮೂರನೇಯವರು ನೋಡಿ ಬರದು ಕೊಡೂತನಕ ಆ ಗೇರ್‌ಬಾಕ್ಸಿಗೆ ಯಾರೂ ಪಾನಾ ಹಚ್ಚಬಾರದು. ಅವರು "ತಂದು ಬಿಡ್ರಿ, ಒಮ್ಮೆ ಬಿಚ್ಚಿ ನೋಡೋಣ" ಅಂತಾರಲ್ಲ, ಬಿಚ್ಚಿದ್ರೋ, ಎಷ್ಟು ಆಯಿಲ್ ಇತ್ತು, ಯಾವ ರಿಂಗ್ ಹಾಕಿದ್ರು ಎಲ್ಲಾ ಹೋತು, ಆಮ್ಯಾಲೆ ನೀವು ಏನಂದ್ರೂ ಬರೇ ಬಾಯಿ ಮಾತು. ಇನ್ನೊಂದು, 1872ರ ಕಾಂಟ್ರ್ಯಾಕ್ಟ್ ಕಾಯ್ದೆಯ 170ನೇ ಕಲಮಿನಾಗ ರಿಪೇರಿ ಮಾಡಿದವಗ ಕೂಲಿ ಬರೂತನಕ ಸಾಮಾನು ಇಟ್ಕೊಳ್ಳೋ ಹಕ್ಕು ಐತಿ. ಹೇಳಿದ ಕೆಲಸ ಸರಿಯಾಗಿ ಮಾಡಿದ್ರ ಮಾತ್ರ ಅನ್ನೋ ವಾದ ನಿಮ್ಮ ಕಡೆ ಐತಿ ಖರೆ, ಆದ್ರ ಗಾಡಿ ಅವರ ಶೆಡ್ಡಿನಾಗ ನಿಂತು 25 ಸಾವಿರದ ಬಾಕಿ ಹಿಡಕೊಂಡು ಕುಂತ್ರ ವಾದ ಮಾಡ್ಕೋತ ತಿರಗೋರು ನೀವು. ಸದ್ಯ ಗಾಡಿ ನಿಮ್ಮ ಮನಿ ಮುಂದ ಐತಿ, ಅಲ್ಲೇ ಇರ್ಲಿ.

ಕಂಪನಿ ಸರ್ವಿಸ್ ಸೆಂಟರಿಗೆ ಇಲ್ಲಾ ಡಿಎಸ್‌ಜಿ ಕೆಲಸ ಖರೇನ ಬಲ್ಲವರ ಕಡೆ ಒಯ್ಯೂವಾಗ ಫ್ಲ್ಯಾಟ್‌ಬೆಡ್ ಮ್ಯಾಲೆನ ಒಯ್ಯಿರಿ. ಹಗ್ಗ ಕಟ್ಟಿ ಎಳದದ್ದು ಓದಿ ನನ್ನ ಹೊಟ್ಟ್ಯಾಗ ಹಿಟ್ಟು ಕಲಸಿದಂಗ ಆತು. ಎಂಜಿನ್ ಬಂದ್ ಇದ್ದಾಗ ಆಯಿಲ್ ಪಂಪ್ ತಿರಗೂದಿಲ್ಲ, ಒಳಗ ಗೇರ್ ಒಣಗಿದ್ದಂಗ ತಿರಗತಾವ, ಅದಕ್ಕ ಡಿಎಸ್‌ಜಿ ಗಾಡಿ ಎಳಿಯೂದ ಇದ್ರ ನ್ಯೂಟ್ರಲ್‌ನ್ಯಾಗ, ತಾಸಿಗೆ 50 ಕಿಲೋಮೀಟರ್ ಸ್ಪೀಡ್ ದಾಟದಂಗ, 50 ಕಿಲೋಮೀಟರಿಗಿಂತ ದೂರ ಎಳೀಬಾರದು ಅಂತ ಪದ್ಧತಿ ಐತಿ. ಅಣ್ಣಿಗೇರಿ ಗದಗಿಗೆ ಹತ್ತಿರ, ಬಚಾವ್. ಹುಬ್ಬಳ್ಳಿತನಕ ಹಂಗ ಎಳಕೊಂಡು ಹೋಗೂ ವಿಚಾರ ಮಾತ್ರ ಮಾಡಬ್ಯಾಡ್ರಿ. ಎಳದದ್ದನ್ನ ಮುಚ್ಚಿಡಾಕೂ ಹೋಗಬ್ಯಾಡ್ರಿ, ಎದುರಿನವರು ಮೊದಲ ಹಿಡಿಯೂದ ಅದನ್ನ.

ಅಲ್ಲಿ ಮೊದಲ ಸ್ಕ್ಯಾನ್, ಎರರ್ ಕೋಡ್ ಅಳಿಸೂಕಿಂತ ಮುಂಚೆ ಪ್ರಿಂಟ್. ಆಮ್ಯಾಲೆ ಆಯಿಲ್ ಲೆವೆಲ್, ವಿಡಿಯೋ ಮಾಡಿ ನೋಡಬೇಕು, ಇಳಿಸಿದ ಆಯಿಲ್ ಅಳದು ಒಂದು ಬಾಟ್ಲಿ ಸೀಲ್ ಮಾಡಿ ಇಡಬೇಕು. ಯಾವತ್ತು ನೋಡ್ತೀವಿ ಅಂತ ಹಳೇ ಗ್ಯಾರೇಜ್‌ನವರಿಗೆ ಮೊದಲ ಮೆಸೇಜ್ ಹಾಕ್ರಿ, ಬಂದು ಎದುರಿಗೆ ನಿಂತು ನೋಡ್ಲಿ, ಬರದಿದ್ರ ಅವರ ಇಷ್ಟ. ಕಂಡದ್ದನ್ನ ಲೆಟರ್‌ಹೆಡ್ ಮ್ಯಾಲೆ ಬರಸ್ಕೋರಿ. ನಿಮ್ಮ ನಸೀಬ ಚಲೋ ಇದ್ರ ಸರಿಯಾದ ಆಯಿಲ್, ಬೇಸಿಕ್ ಸೆಟ್ಟಿಂಗ್ ಇಷ್ಟರಾಗ 2, 4, 6 ತಿರುಗಿ ಬಂದಬಿಡಬಹುದು. ಆಯಿಲ್ ಸುಟ್ಟ ವಾಸನಿ ಹೊಡದು ಮ್ಯಾಗ್ನೆಟ್‌ಗೆ ಕಬ್ಬಿಣದ ಪುಡಿ ಹತ್ತಿದ್ರ ಮಾತ್ರ ಬಿಚ್ಚೂದ ಗತಿ.

ಆ ಕಾಗದ ಕೈಯಾಗ ಬಂದ ಮ್ಯಾಲೆ ಗ್ಯಾರೇಜ್‌ನವರಿಗೆ ಸ್ಪೀಡ್ ಪೋಸ್ಟ್‌ನ್ಯಾಗ ಒಂದು ನೋಟಿಸ್, 15 ದಿನ ಟೈಮ್ ಕೊಟ್ಟು. ನಮ್ಮ ಮಂದಿ ಬಾಯಿ ಮಾಡಿದ್ರ ಬಾಯಿ ಮಾಡ್ತಾರ, ಕಾಗದ ಬಂದ್ರ ರಾಜಿಗೆ ಬರ್ತಾರ, ನಾನು ಕಂಡಂಗ. ಬರಲಿಲ್ಲ ಅಂದ್ರ 1915 ಗ್ರಾಹಕ ಸಹಾಯವಾಣಿ ಐತಿ, ಅದಕ್ಕೂ ಬಗ್ಗಲಿಲ್ಲ ಅಂದ್ರ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮ್ಯಾಲೆ ಒಂದು ಚಲೋ ಆಗೇತಿ, ಗ್ಯಾರೇಜ್ ಹುಬ್ಬಳ್ಳಿಯೊಳಗ ಇದ್ರೂ ನೀವು ಇರೋ ಗದಗಿನಾಗನ ಕೇಸ್ ಹಾಕಬಹುದು, ಧಾರವಾಡಕ್ಕ ಅಲೀಬೇಕಾಗಿಲ್ಲ. ಕೊಟ್ಟ ರೊಕ್ಕ 5 ಲಕ್ಷದ ಒಳಗಿದ್ರ ಫೀ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, ಇ-ಜಾಗೃತಿ ಪೋರ್ಟಲ್‌ನ್ಯಾಗ ಹಾಕಬಹುದು, 2 ವರ್ಷದ ಒಳಗ ಹಾಕಬೇಕು. ಬಿಲ್ ಇಲ್ಲ ಅಂತ ಅಂಜಬ್ಯಾಡ್ರಿ, ಫೋನ್‌ಪೇ ದಾಖಲೆ, ವಾಟ್ಸಾಪ್, ಅವರ ಕೈಬರಹದ ಆ ಚೀಟಿ ಮೂರೂ ಕೂಡಿದ್ರ ಸಾಕಷ್ಟು ಆತು. ಫೋನ್ ಮಾತ್ರ ಬದಲಿ ಮಾಡಬ್ಯಾಡ್ರಿ ಸದ್ಯ. ಹಳೇ ಕ್ಲಚ್ ಪ್ಲೇಟ್ ವಾಪಸ್ ಕೇಳ್ರಿ, ಅವು ನಿಮ್ಮವು. ಗುಜರಿಗೆ ಹಾಕೇನಿ ಅಂದ್ರ ಅದನ್ನೂ ಬರದು ಕೊಡು ಅನ್ರಿ.

ಪ್ರಶ್ನೆ: ನನ್ನ ಕಡೆ ಪೋಲೋ ಜಿಟಿ ಟಿಎಸ್‌ಐ ಐತಿ, 7 ಗೇರಿಂದು. ಇದಕ್ಕೂ 60,000ಕ್ಕ ಗೇರ್‌ಬಾಕ್ಸ್ ಆಯಿಲ್ ಬದಲಿ ಮಾಡಬೇಕು ಅಂತಾರ, ಹೌದಾ? — ಹಾವೇರಿ ಓದುಗ

ಉತ್ತರ: ಆ ಲೆಕ್ಕ ಮ್ಯಾಲಿನ ಗದಗದವರ ಗಾಡಿಗೆ, ನಿಮ್ಮದಕ್ಕಲ್ಲ. ನಿಮ್ಮ 1.2 ಲೀಟರಿನದು ಒಣ ಕ್ಲಚ್ಚಿನ ಡಿಎಸ್‌ಜಿ, ಕ್ಲಚ್ ಆಯಿಲ್‌ನ್ಯಾಗ ಇರಂಗಿಲ್ಲ. 2020ರಾಗ ಬಂದ 1.0 ಲೀಟರ್ ಜಿಟಿ ಇದ್ರ ಅದು ಡಿಎಸ್‌ಜಿನೂ ಅಲ್ಲ, 6 ಗೇರಿನ ಸಾದಾ ಆಟೋಮ್ಯಾಟಿಕ್. ಒಣ ಕ್ಲಚ್ ತಿನ್ನೂದು ಟ್ರಾಫಿಕ್‌ನ್ಯಾಗ ಇಷ್ಟಿಷ್ಟ ತೆವಳೂದು, ಹುಬ್ಬಳ್ಳಿಗೆ ಬಂದಾಗ ಚೆನ್ನಮ್ಮ ಸರ್ಕಲ್ಲಿನಾಗ ಮುಂದಿನ ಗಾಡಿ ಎರಡ ಗಾಲಿ ಸರದ್ರ ನೀವೂ ಎರಡ ಗಾಲಿ ಸರಸ್ತೀರಲ್ಲ, ಅದು. ಪೂರ್ತಿ ಬ್ರೇಕ್ ಒತ್ತಿ ನಿಂದರ್ರಿ, ಜಾಗ ಆದ ಮ್ಯಾಲೆ ಒಮ್ಮೆಗೆ ಬಿಡ್ರಿ. ಹಿಂದಿನ ಆಟೋದವ ಹಾರ್ನ್ ಹೊಡಿತಾನ, ಹೊಡೀಲಿ.