ರಾತ್ರಿ ಬಿಡೋ ನೀರನ್ನ ಸೆನ್ಸರ್ ಹಿಡಿಯುತ್ತಾ?

ಪ್ರಶ್ನೆ: ಸರ್, ನಮ್ಮ ಜಮೀನು ಬೈರಮಂಗಲ ಕೆರೆ ಕೆಳಗಡೆ ಇದೆ. ವೃಷಭಾವತಿ ನೀರು ಹಗಲೊತ್ತು ಒಂಥರಾ ಇರುತ್ತೆ, ಕೆಲವು ದಿನ ಬೆಳಗ್ಗೆ ಎದ್ದು ನೋಡಿದ್ರೆ ಬಣ್ಣಾನೇ ಬೇರೆ, ವಾಸನೇನೇ ಬೇರೆ. ಸೆನ್ಸರ್ ಹಾಕಿ ಕಂಪ್ಯೂಟರ್‌ನಲ್ಲಿ ನೋಡಿದ್ರೆ ರಾತ್ರಿ ಹೊತ್ತು ಹೊಳೆಗೆ ಕೊಳಚೆ ಬಿಡೋರು ಸಿಕ್ಕಿಬೀಳ್ತಾರೆ ಅಂತಾರಲ್ಲ, ನಿಜಾನಾ?
— ಒಬ್ಬ ರೈತ, ಬಿಡದಿ

ಉತ್ತರ: ಯಾವಾಗ ಬಿಟ್ರು ಅನ್ನೋದು ಸಿಗುತ್ತೆ, ಏನು ಬಿಟ್ರು ಅನ್ನೋದು ಬರೀ ಸೆನ್ಸರ್‌ನಿಂದ ಪೂರ್ತಿ ಸಿಗಲ್ಲ. ಲ್ಯಾಬ್‌ನಲ್ಲಿ ಬಿಒಡಿ ಟೆಸ್ಟ್ (ನೀರಲ್ಲಿರೋ ಕೊಳಚೆ ಕರಗಿಸೋಕೆ ಸೂಕ್ಷ್ಮಜೀವಿಗಳಿಗೆ ಎಷ್ಟು ಆಕ್ಸಿಜನ್ ಬೇಕು ಅನ್ನೋ ಲೆಕ್ಕ) ಮಾಡೋಕೆ ನೀರನ್ನ 27 ಡಿಗ್ರಿಲಿ 3 ದಿನ ಇಡ್ಬೇಕು, ರಿಪೋರ್ಟ್ ಬರೋಷ್ಟ್ರಲ್ಲಿ ಹೊಳೆ ನೀರು ಎಲ್ಲಿಗೋ ಹೋಗಿರುತ್ತೆ. ಸೆನ್ಸರ್ ಹಂಗಲ್ಲ, ನೀರೊಳಗೇ ಕೂತು ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನೋ ಅಳತೆ), ಕರಗಿರೋ ಆಕ್ಸಿಜನ್, ಕಂಡಕ್ಟಿವಿಟಿ ಎಲ್ಲ ಹದಿನೈದು ನಿಮಿಷಕ್ಕೊಂದ್ಸಲ ಅಳೆದು ಸಿಮ್ ಮೂಲಕ ಕಳಿಸ್ತಾನೇ ಇರುತ್ತೆ. ಕಂಡಕ್ಟಿವಿಟಿ ಅಂದ್ರೆ ನೀರಲ್ಲಿ ಎಷ್ಟು ಉಪ್ಪಿನಂಶ ಕರಗಿದೆ ಅನ್ನೋ ಲೆಕ್ಕ. ಮಳೆ ಬಂದ್ರೆ ಸಾಮಾನ್ಯವಾಗಿ ಅದು ಇಳಿಯುತ್ತೆ, ಮಳೆನೂ ಇಲ್ದೆ ರಾತ್ರಿ ಎರಡು ಗಂಟೆಗೆ ದಿಢೀರ್ ಅಂತ ಏರಿದ್ರೆ ಮೇಲ್ಗಡೆ ಯಾರೋ ಏನೋ ಬಿಟ್ಟಿರ್ಬೇಕು ಅಂತ ಅನುಮಾನ ಪಡ್ಲೇಬೇಕು.

ಆದ್ರೆ ಆಕ್ಸಿಜನ್ ಒಂದನ್ನೇ ನಂಬಿ ಕೂತ್ರೆ ಮೋಸ ಹೋಗ್ತೀವಿ. ಪಾಚಿ ಕಟ್ಟಿರೋ ಕೆರೆಲಿ ಬಿಸಿಲಿದ್ದಾಗ ಆಕ್ಸಿಜನ್ ಏರುತ್ತೆ, ಸೂರ್ಯ ಹುಟ್ಟೋಕೆ ಮುಂಚೆ ತೀರಾ ಕೆಳಗಿರುತ್ತೆ, ಇದನ್ನ ಯಾರೂ ಮಾಡಿದ್ದಲ್ಲ. ಅದಕ್ಕೇ ಮಾಡೆಲ್, ಅಂದ್ರೆ ಲೆಕ್ಕ ಹಾಕೋ ಕಂಪ್ಯೂಟರ್ ಪ್ರೋಗ್ರಾಂ ಬೇಕಾಗೋದು, ಅದು ದಿನದ ಏರಿಳಿತ ಕಲ್ತು ಆ ಲೆಕ್ಕಕ್ಕೆ ಸಿಗದೇ ಇರೋದನ್ನ ಮಾತ್ರ ಎತ್ತಿ ತೋರಿಸುತ್ತೆ. ಕೊಳಚೆ ಸೇರಿದ ಮೇಲೆ ಎಷ್ಟು ದೂರಕ್ಕೆ ಆಕ್ಸಿಜನ್ ಎಷ್ಟು ಬೀಳುತ್ತೆ ಅನ್ನೋ ಸಮೀಕರಣನ ಸ್ಟ್ರೀಟರ್, ಫೆಲ್ಪ್ಸ್ ಅನ್ನೋ ಇಬ್ಬರು ಸಂಶೋಧಕರು ಅಮೆರಿಕದ ಒಹಾಯೊ ನದಿ ನೋಡಿ 1925ರಲ್ಲೇ ಕೊಟ್ಟಿದ್ರು, ಕಂಪ್ಯೂಟರ್ ಇಲ್ದಿರೋ ಕಾಲ ಅದು! ಹೊಳೆ ಉದ್ದಕ್ಕೂ ನಾಲ್ಕೈದು ಕಡೆ ಸೆನ್ಸರ್ ಇದ್ರೆ ಏರಿಕೆ ಮೊದಲು ಎಲ್ಲಿ ಕಾಣಿಸ್ತು ಅನ್ನೋದ್ರಿಂದ ಯಾವ ಮೋರಿ ಕಡೆಯಿಂದ ಬಂತು ಅಂತ ಜಾಗ ಚಿಕ್ಕದು ಮಾಡ್ಕೊಂಡು ಹೋಗ್ಬಹುದು.

ತೊಂದರೆನೂ ಇದೆ. ಕ್ರೋಮಿಯಂ, ಸೀಸ ಇಂಥವು ಮಾಮೂಲಿ ಸೆನ್ಸರ್‌ಗೆ ಕಾಣಲ್ಲ. ಕೊಳಚೆ ನೀರಲ್ಲಿ ಕೆಲವೇ ದಿನಕ್ಕೆ ಅದರ ಮೇಲೆ ಲೋಳೆ ಕಟ್ಟಿ ಅಂಕಿ ತಪ್ಪೋಕೆ ಶುರುವಾಗುತ್ತೆ, ಒರೆಸೋಕೆ ಅಂತಾನೇ ಆಳಿಟ್ಟು ಸಂಬಳ ಕೊಡ್ಬೇಕು, ಯೋಜನೆ ಮಾಡೋರು ಮಷೀನಿಗೆ ದುಡ್ಡಿಟ್ಟು ಇದನ್ನ ಮರೀಬಾರ್ದು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಕಂಡಕ್ಟಿವಿಟಿ ಏರಿದ ತಕ್ಷಣ ತಾನೇ ಬಾಟ್ಲಿಗೆ ನೀರು ತುಂಬ್ಕೊಂಡು ತಣ್ಣಗಿಡೋ ಆಟೋ ಸ್ಯಾಂಪ್ಲರ್ ಜೊತೆಗಿದ್ರೆ ಏನು ಬಿಟ್ರು ಅನ್ನೋದೂ ಗೊತ್ತಾಗುತ್ತೆ.

ಇನ್ನೊಂದು ವಿಷ್ಯ, 1974ರ ಜಲ ಕಾಯ್ದೆ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯವರು ನಿಯಮದಂತೆ ತೆಗೆದ ಸ್ಯಾಂಪಲ್ಲಿಗೇ ಕೋರ್ಟಲ್ಲಿ ಬೆಲೆ. ನೀವು ಬಣ್ಣ ಬದಲಾದ ದಿನ, ಗಂಟೆ ಬರೆದಿಟ್ಕೊಳ್ಳಿ, ಫೋಟೋ ತೆಗೆದಿಟ್ಕೊಳ್ಳಿ, ದೂರು ಕೊಡುವಾಗ ಮಧ್ಯಾಹ್ನ ಬೇಡ, ಇಂಥ ಹೊತ್ತಿಗೇ ಬಂದು ಸ್ಯಾಂಪಲ್ ತಗೊಳ್ಳಿ ಅಂತ ಬರವಣಿಗೆಲೇ ಕೇಳಿ.